ಆರರಿಂದ ಆರೂವರೆ

ಅಯ್ಯೋ, ಬಂದೇಬಿಟ್ರಾ! ಇಷ್ಟು ಬೇಗ! ನಾನು ಫೋನು ಇಟ್ಟು ಇನ್ನೂ ಹತ್ತು ನಿಮಿಷ ಆಗಿಲ್ಲ ಸಾರ್... ಬಾಗಿಲು ತೆಗ್ದೇ ಇತ್ತಾ? ಹಾಕಿದ ನೆನಪು ನನಗೆ. ಇರ್ಲಿ ಬಿಡಿ, ತಲೆ ಕೆಟ್ಟು ಹೋಗಿದೆ, ಹಾಕಿದ್ನೋ ಬಿಟ್ಟಿದ್ನೋ ಯಾವನಿಗೆ ಗೊತ್ತು. ಬನ್ನಿ, ಒಳಗೆ ಬನ್ನಿ. ಯಾಕೆ ಅಲ್ಲೇ ನಿಂತ್ರಿ, ದೆವ್ವ ಕಂಡೋರ ಹಾಗೆ? ನಾನು ಮನೇಲಿ ಇರಲ್ಲ ಅಂದ್ಕೊಂಡಿದ್ರಾ? ಇವತ್ತು ಅಂಗಡಿ ತೆಗೀಲೇ ಇಲ್ಲ. ಚಪ್ಪಲಿ ಬಿಡಬೇಡಿ, ಹಾಕ್ಕೊಂಡೇ ಬನ್ನಿ, ನೆಲ ಎಲ್ಲ ಉಪ್ಪುನೀರು. ಬೆಳಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಹೋಗಿದೆ.

ನಿಮ್ಮ ಅಂಗಡೀಲಿ ಫೋನ್ ಎತ್ತಿದ್ದು ಯಾರೋ ಹೆಂಗಸು. ಯಾರನ್ನಾದ್ರೂ ಕಳಿಸ್ತೀವಿ ಅಂದ್ರು. ನೀವೇ ಬರ್ತೀರ ಅಂತ ಗೊತ್ತಿರ್ಲಿಲ್ಲ. ನೀವೇ ಬಂದದ್ದು ಒಳ್ಳೇದಾಯ್ತು! ಎರಡು ಬಕೆಟ್ ಬೇರೆ ತಂದಿದೀರಿ. ಮುಚ್ಚಳ ಇರೋದು! ನೀರು ಬದಲಾಯಿಸೋಕೆ ಮುಚ್ಚಳ ಯಾಕೋ... ಇರ್ಲಿ, ನಿಮ್ಮ ಕಸುಬು ನಿಮಗೆ ಗೊತ್ತು. ಟೀ ಮಾಡ್ತೀನಿ. ಬೇಡ್ವಾ? ಕಾಫಿನಾ? ಬೇಡ, ನಿಮ್ಮ ಮುಖ ನೋಡಿದ್ರೆ ಟೀ ಕುಡಿಯೋರ ಥರ ಕಾಣ್ತೀರಿ, ಟೀನೇ ಮಾಡ್ತೀನಿ. ಆಮೇಲೆ. ಮೊದ್ಲು ಇದನ್ನ ನೋಡಿ.

ನೋಡಿ... ನೋಡಿದ್ರಾ?

ಈ ವಾಸನೆಗೆ ಹೆದರಬೇಡಿ, ಕಿಟಕಿ ತೆಗ್ದಿದೀನಿ. ಅದು ನಿನ್ನೆಯಿಂದ. ಬಾಯಿ ನೋಡಿ, ತೆಗೆದದ್ದು ತೆಗೆದ ಹಾಗೇ ಇದೆ, ಮುಚ್ತಾನೇ ಇಲ್ಲ. ಬುಡ ಕಲ್ಲು ಬಿಟ್ಟುಬಿಟ್ಟಿದೆ. ನೀರು ಯಾವ ಕಡೆ ತಳ್ಳುತ್ತೋ ಆ ಕಡೆ ಉರುಳ್ತಾ ಇದೆ. ನೀವು ಅಂಗಡೀಲಿ ಅನೆಮೊನಿ ಗಿನೆಮೊನಿ ಏನೋ ಅಂತೀರಿ, ನಮ್ಮನೇಲಿ ಇದಕ್ಕೆ ಕಡಲಹೂವು ಅಂತಾನೇ ಹೆಸರು. ಹೂವಲ್ಲ, ಪ್ರಾಣಿ, ಗೊತ್ತು ನನಗೆ! ಅದನ್ನ ನನಗೆ ಅವಳು ನೂರು ಸಲ ಹೇಳಿದಾಳೆ. ಊಟದ ತಟ್ಟೆ ಅಗಲ ಅರಳ್ತಿತ್ತು ಸಾರ್ ಇದು. ಬೆರಳು ಬೆರಳು ಬೆರಳು, ಒಂದೊಂದರ ತುದೀಲೂ ಒಂದೊಂದು ಗುಳ್ಳೆ. ಈಗ? ಒಗೆದು ಹಿಂಡಿ ಬಿಸಾಕಿದ ಕಾಲ್ಚೀಲ.

ಬದುಕುತ್ತಾ?

ಹೇಳಿ, ಬದುಕುತ್ತಾ? ಆರು ಗಂಟೆ ಒಳಗೆ ಸ್ವಲ್ಪ... ಪೂರ್ತಿ ಅರಳಬೇಕು ಅಂತ ನಾನು ಹೇಳ್ತಿಲ್ಲ. ಆ ಬಾಯಿ ಒಂದು ಮುಚ್ಚಿದ್ರೆ ಸಾಕು. ಬುಡ ಎಲ್ಲಾದ್ರೂ ಒಂದು ಕಡೆ ಕಚ್ಕೊಂಡ್ರೆ ಸಾಕು. ಆರು ಗಂಟೆಗೆ ಅವಳು ಬರ್ತಾಳೆ.

ನಮ್ಮನೆಯವಳು ಸಾರ್. ನಿಮಗೆ ಗೊತ್ತಲ್ಲ, ತಿಂಗಳಿಗೆರಡು ಸಲ ಉಪ್ಪಿನ ಪ್ಯಾಕೆಟ್ ತಗೊಳ್ಳೋಕೆ ಬರ್ತಾಳಲ್ಲ. ಎಡ ಅಂಗೈ ಮೇಲೆ ಉದ್ದಕ್ಕೆ ಹಳೇ ಗೀರು. ಹ್ಞಾಂ, ಅವಳೇ. ಈಗ ಇಲ್ಲಿಲ್ಲ. ಅಂದ್ರೆ... ಅವಳ ಅಕ್ಕನ ಮನೇಲಿ ಇದಾಳೆ, ಸದ್ಯಕ್ಕೆ. ಅಕ್ಕನಿಗೆ ಮಂಡಿ ನೋವು. ನಾಲ್ಕು ತಿಂಗಳಾಯ್ತು.

ಯಾಕೆ ನಗ್ತೀರಾ? ನಗ್ಲಿಲ್ವಾ? ಮೀಸೆ ಅಲ್ಲಾಡಿದ ಹಾಗಿತ್ತು. ಆಯ್ತು ಮಾರಾಯ... ಆಯ್ತು ಸಾರ್, ಮಂಡಿ ನೋವಲ್ಲ. ಜಗಳ. ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ ಅಂತಾರೆ, ನಮ್ಮದು ಸ್ವಲ್ಪ ಉದ್ದ ಆಯ್ತು, ಅಷ್ಟೇ. ಆದ್ರೆ ದಿನಾ ಬರ್ತಾಳೆ! ಅದನ್ನ ನೀವು ತಿಳ್ಕೋಬೇಕು. ದಿನಾ ಸಂಜೆ ಆರಕ್ಕೆ ಬರ್ತಾಳೆ, ಆರೂವರೆಗೆ ಹೋಗ್ತಾಳೆ. ಇದಕ್ಕೋಸ್ಕರ. ಅಕ್ಕನ ಮನೆ ಒಂದೇ ರೂಮು, ಈ ತೊಟ್ಟಿ ಅಲ್ಲಿ ಹಿಡಿಸಲ್ಲ. ಇನ್ನೂರು ಲೀಟರ್ ನೀರು, ಕಲ್ಲು, ಗಾಜು, ಮರದ ಮಹಡಿ ಬೇರೆ. ಮಹಡಿ ಕುಸಿದು ಕೆಳಗಿನ ಮನೆಯವರ ತಲೆ ಮೇಲೆ ಬೀಳುತ್ತೆ. ಹಾಗಾಗಿ ಇದು ಇಲ್ಲೇ ಉಳೀತು. ಇದು ಇಲ್ಲಿ ಉಳಿದಿದ್ದರಿಂದ ನನಗೂ ಅರ್ಧ ಗಂಟೆ ಸಿಕ್ತು.

ಅವಳ ಹತ್ರ ಮನೆ ಕೀ ಇದೆ. ಆದ್ರೂ ಬೆಲ್ ಹೊಡೀತಾಳೆ. ತನ್ನದೇ ಮನೆಗೆ! ಮೊದಲ್ನೇ ದಿನ ಬೆಲ್ ಕೇಳಿ ಯಾರೋ ವಸೂಲಿಯವರು ಅಂದ್ಕೊಂಡು ಬನಿಯನ್ನಲ್ಲೇ ಹೋಗಿ ತೆಗ್ದೆ. ಆಮೇಲೆ ಐದೂವರೆಗೇ ಶರ್ಟು ಹಾಕ್ಕೊಂಡು ಕೂತಿರ್ತೀನಿ. ಕನ್ಯೆ ನೋಡೋಕೆ ಹೋಗೋವಾಗಲೂ ನಾನು ಇಷ್ಟು ಕ್ರಾಪು ತೀಡಿಲ್ಲ.

ಏನು? ಹ್ಞಾಂ, ಅದು ನೀರಿನ ಗೆರೆ. ಉಗುರು ಬಣ್ಣದಲ್ಲಿ ಅವಳೇ ಎಳೆದದ್ದು. ನೀರು ದಿನಾ ಒಂದು ಬೆರಳು ಇಳಿಯುತ್ತೆ ನೋಡಿ, ಆರಿ ಹೋಗಿ. ಗೆರೆವರೆಗೂ ತುಂಬಬೇಕು. ನಾನು ಒಂದ್ಸಲ ಜಾಣತನ ಮಾಡಿ ಉಪ್ಪು ಕಲಸಿದ ನೀರು ಹಾಕಿದ್ದೆ, ಕಡಲಿನ ಪ್ರಾಣಿ ಅಲ್ವಾ ಅಂತ. ಅವಳು ನಕ್ಕಿದ್ದು ನಕ್ಕಿದ್ದೇ! ಆಗ ಇನ್ನೂ ಇಲ್ಲೇ ಇದ್ಲು. 'ರೀ, ಹೋಗೋದು ನೀರು ಮಾತ್ರ. ಉಪ್ಪು ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ. ಸಿಹಿನೀರೇ ಹಾಕ್ಬೇಕು' ಅಂದ್ಲು. ಆಮೇಲೆ ಕಣ್ಣಲ್ಲಿ ನೀರು ಬರೋವರೆಗೂ ನಕ್ಲು. ಆವತ್ತಿನಿಂದ ತಪ್ಪಿಲ್ಲ ನಾನು. ಇವತ್ತು ಕೂಡ ಸಿಹಿನೀರೇ, ಗೆರೆವರೆಗೂ. ನೋಡಿ ಬೇಕಾದ್ರೆ.

ಆ ದುರ್ಬೀನು ಥರದ್ದರಲ್ಲಿ ಉಪ್ಪು ನೋಡ್ತೀರಲ್ಲ, ನೋಡಿ. ಬೆಳಕಿಗೆ ಹಿಡೀರಿ. ಏನಾಯ್ತು? ಸರಿ ಇದೆಯಾ? ಸರಿ ಇದೆ ಅಲ್ವಾ! ಹಾಗಾದ್ರೆ ಉಪ್ಪು ಅಲ್ಲ. ಆದ್ರೂ ನಿಮ್ಮ ಉಪ್ಪಿನಲ್ಲೇ ಏನಾದ್ರೂ ಕಲಬೆರಕೆ... ಬೇಜಾರು ಮಾಡ್ಕೋಬೇಡಿ, ಸುಮ್ನೆ ಹೇಳ್ದೆ. ನಲ್ಲಿ ನೀರಲ್ಲೂ ಇರಬಹುದು. ಮೇಲಿನ ಮನೆಯವರು ಹೋದ ವಾರ ಬಾಲ್ಕನಿಗೆ ಪೇಂಟ್ ಹೊಡೆಸಿದ್ರು. ಆ ಪೇಂಟಿನ ಗಾಳಿ! ಇಲ್ದಿದ್ರೆ ಸೀಗಡಿ. ಸೀಗಡಿ ಮಾರೋನು ಹಳಸಿದ್ದು ಕೊಟ್ಟಿರ್ತಾನೆ, ಅವನ ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ನಾನೇನೂ ಮಾಡಿಲ್ಲ. ಅಂಗಡಿಯಿಂದ ಬಂದ್ರೆ ಮೊಣಕೈವರೆಗೂ ಸೋಪು ಹಾಕಿ ಎರಡು ಸಲ ತೊಳೆದು ಆಮೇಲೇ ಈ ಕಡೆ ಬರೋದು. ಅದು ಅವಳ ಕಾನೂನು.

ಅಂಗಡಿಯಾ? ಮೋಟಾರ್ ವೈಂಡಿಂಗು ಸಾರ್. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿ, ಎಲ್ಲ ಬಿಚ್ಚಿ ಹೊಸಾ ಕಾಯಿಲ್ ಸುತ್ತಿ ಕೊಡೋದು. ಅವಳೂ ಅಲ್ಲೇ ಇದ್ದೋಳು. ಹದಿನೆಂಟು ವರ್ಷ! ನನ್ನ ಎದುರಿಗೆ ಒಂದು ಸ್ಟೂಲು ಹಾಕ್ಕೊಂಡು. ನಾನು ಸುತ್ತೋದು, ಅವಳು ದಾರ ಕಟ್ಟೋದು, ತುದಿ ಕೆರೆಯೋದು. ಆ ಗಂಟು ಇದೆಯಲ್ಲ, ಎರಡು ಸುತ್ತು ಹಾಕಿ ಒಳಗಿಂದ ಎಳೆಯೋ ಗಂಟು, ಅದು ಇಡೀ ಬಜಾರಲ್ಲಿ ಅವಳಿಗೊಬ್ಬಳಿಗೇ ಬರೋದು. ಹತ್ತು ವರ್ಷ ಆದ್ಮೇಲೆ ಯಾವುದೋ ಮೋಟಾರ್ ವಾಪಸ್ ಬಂದು ಬಿಚ್ಚಿದ್ರೆ ಸುಟ್ಟು ಕರಿ ಆಗಿದ್ರೂ ಗಂಟು ಹಾಗೇ ಇರೋದು. 'ಇದು ನಮ್ಮ ಅಂಗಡೀದೇ ಕಣ್ರೀ' ಅನ್ನೋಳು.

ಆಮೇಲೆ ನಾನು ಮೆಷಿನ್ ತಂದೆ.

ಒಳ್ಳೇದಕ್ಕೇ ತಂದೆ ಸಾರ್! ಅವಳ ಬೆನ್ನು ನೋವು ನೋಡೋಕಾಗ್ದೆ ತಂದೆ. ಒಂದು ಬೆಳಗ್ಗೆ ಅವಳು ಅಂಗಡಿಗೆ ಬಂದ್ರೆ ಸ್ಟೂಲಿನ ಜಾಗದಲ್ಲಿ ಮೆಷಿನ್ ಇತ್ತು. 'ನೀನಿನ್ನು ಮನೇಲಿ ಆರಾಮಾಗಿರು' ಅಂದೆ. ಖುಷಿ ಪಡ್ತಾಳೆ ಅಂದ್ಕೊಂಡಿದ್ದೆ. ಬ್ಯಾಗ್ ತಗೊಂಡು ವಾಪಸ್ ನಡೆದ್ಲು. ಅದಾದ್ಮೇಲೇ ಈ ತೊಟ್ಟಿ ಬಂದದ್ದು. ಮೂರು ವರ್ಷ ಆಯ್ತು. ಮೊದಲ ಆರು ತಿಂಗಳು ಬರೀ ನೀರು, ಕಲ್ಲು! ನೀರು ಹದಕ್ಕೆ ಬರಬೇಕಂತೆ. ನಾನು ತಮಾಷೆ ಮಾಡ್ತಿದ್ದೆ, ಬಾಣಲೆ ಕಾಯಿಸ್ತಾನೇ ಇದೀಯ, ಒಗ್ಗರಣೆ ಯಾವಾಗ ಅಂತ. ಆಮೇಲೆ ಇದು ಬಂತು, ಇದರ ಬೆರಳ ಮಧ್ಯೆ ಇರೋಕೆ ಎರಡು ಮೀನೂ ಬಂದ್ವು. ಚಿಮಟದಲ್ಲಿ ಸೀಗಡಿ ಚೂರು ಹಿಡಿದು ಇದರ ಬೆರಳಿಗೆ ಮುಟ್ಟಿಸೋಳು, ಅದು ಮೆತ್ತಗೆ ಮಡಚಿ ಒಳಗೆ ಎಳ್ಕೊಳ್ಳೋದು, ಅವಳು ಉಸಿರು ಬಿಗಿ ಹಿಡಿದು ನೋಡೋಳು. ಮದುವೆ ಆದ ಹೊಸದ್ರಲ್ಲಿ ನನಗೂ ಅಷ್ಟು ಪ್ರೀತಿಯಿಂದ ಬಡಿಸಿಲ್ಲ ಬಿಡಿ.

ಜಗಳ ಯಾಕೆ ಅಂತ ತಾನೇ ನೀವು ನೋಡ್ತಿರೋದು? ಹಲ್ಲಿನ ಡಾಕ್ಟರಿಂದ. ಹ್ಞೂಂ, ಹಲ್ಲಿನ ಡಾಕ್ಟರು! ಅವರ ಕ್ಲಿನಿಕ್ಕಿನ ಫ್ಯಾನು ರಿಪೇರಿಗೆ ಹೋಗಿದ್ದೆ. ರೋಗಿಗಳು ಕಾಯೋ ಕಡೆ ಒಂದು ಮೀನಿನ ತೊಟ್ಟಿ ಇಡಬೇಕು ಅಂತಿದ್ರು. ನಾನು ಬಾಯಿ ತಪ್ಪಿ, ನಮ್ಮನೇಲೊಂದಿದೆ, ತಗೊಂಡು ಹೋಗಿ ಅಂದ್ಬಿಟ್ಟೆ. ಮನೇಲಿ ಜಾಗ ಇರ್ಲಿಲ್ಲ ಸಾರ್, ಒಂದು ಕಪಾಟು ಇಡೋಕೂ ಆಗ್ತಿರ್ಲಿಲ್ಲ! ಅವಳಿಗೆ ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ಆ ಮನುಷ್ಯ ಟೇಪ್ ಹಿಡ್ಕೊಂಡು ಮನೆಗೇ ಬಂದ. ನಾನು ಅಂಗಡೀಲಿ. ಅವಳೇ ಬಾಗಿಲು ತೆಗ್ದಿದ್ದು, ಅವಳ ಎದುರಿಗೇ ಅಳತೆ ತಗೊಂಡಿದ್ದು. ಸಂಜೆ ನಾನು ಬಂದಾಗ ಬ್ಯಾಗ್ ಕಟ್ಟಿತ್ತು. ಒಂದೇ ಮಾತು ಆಡಿದ್ಲು: 'ನೀವು ಕೇಳೋದೇ ಇಲ್ಲ. ನೀವೇ ತೀರ್ಮಾನ ಮಾಡ್ಬಿಡ್ತೀರ.' ಅಷ್ಟೇ. ಇದೊಂದು ದೊಡ್ಡ ವಿಷಯನಾ, ನೀವೇ ಹೇಳಿ. ಹೇಳಿ, ನೀವೂ ಸಂಸಾರಸ್ಥರು... ಅಲ್ವಾ? ಆಗಿರ್ತೀರಿ, ನೋಡಿದ್ರೆ ಗೊತ್ತಾಗುತ್ತೆ.

ಮಾತಾಡ್ರೀ ಸ್ವಲ್ಪ!

ಕೋಪ ಅಲ್ಲ. ಕೋಪ ಅಲ್ಲ ಸಾರ್, ಭಯ. ನಿನ್ನೆ ಅವಳು ಬರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ್ನೇ ಸಲ. ಆರಾಯ್ತು, ಆರೂವರೆ ಆಯ್ತು, ಏಳಾಯ್ತು... ಶರ್ಟು ಹಾಕ್ಕೊಂಡು ಕೂತೇ ಇದ್ದೆ. ಅಕ್ಕನಿಗೆ ಮಂಡಿ ನೋವು ಜಾಸ್ತಿ ಆಗಿರುತ್ತೆ. ನಿಜವಾಗ್ಲೂ ಇದೆ, ಮಂಡಿ ನೋವು ಸುಳ್ಳಲ್ಲ. ಫೋನ್ ಎತ್ತಲ್ಲ ಅವಳು, ಅದು ಮೊದಲಿಂದಲೂ ಹಾಗೇ. ಮೊನ್ನೆ ಬಂದಿದ್ಲು. ತೋಳು ಮಡಚಿ ಕೈ ಹಾಕಿ, ಆ ಹಿಂದಿನ ಕಲ್ಲಿದೆ ನೋಡಿ, ಅದರ ಸಂದೀಲಿ ಏನೋ ತಡಕಿದ್ಲು. ನಾನು ಅಡುಗೆಮನೇಲಿ ಟೀ ಸೋಸ್ತಾ ಇದ್ದೆ. ಬಂದು ನೋಡಿದ್ರೆ ಬಚ್ಚಲಲ್ಲಿ ಕೈ ತೊಳೀತಿದಾಳೆ, ಮೊಣಕೈವರೆಗೂ, ಒಂದ್ಸಲ, ಎರಡ್ಸಲ, ಮೂರ್ಸಲ. ಟೀ ಕುಡೀಲಿಲ್ಲ. ಹೋಗಿ ಬರ್ತೀನಿ ಅನ್ನಲಿಲ್ಲ. ಆರೂ ಹತ್ತಕ್ಕೇ ಹೊರಟ್ಲು. ಬಸ್ ಇತ್ತೇನೋ.

ಇದೇನು ಬಾಟಲಿ? ಆ ಗಾಜಿನ ಕೊಳವೆಗೆ ನೀರು ಯಾಕೆ ತುಂಬ್ತಿದೀರಿ? ಉಪ್ಪು ನೋಡಿ ಆಯ್ತಲ್ಲ, ಬಿಸಿ ನೋಡಿ ಆಯ್ತಲ್ಲ. ತಾಮ್ರದ ಪರೀಕ್ಷೆ ಎಲ್ಲ ಯಾಕೆ ಸಾರ್ ಈಗ, ಸುಮ್ನೆ ಟೈಮು ಹೋಗುತ್ತೆ, ಗಂಟೆ ಐದೂವರೆ ಆಗ್ತಾ ಬಂತು...

ಏನು?

ಯಾಕೆ ಹಾಗೆ ನೋಡ್ತೀರಾ? ಬಾಟಲಿ ಮೇಲೆ ಬರೆದಿದೆ ಅಲ್ವಾ, ತಾಮ್ರ ಅಂತ?... ಚೀಟಿ ಕಿತ್ತುಹೋಗಿದೆಯಾ. ಓ. ಊಹೆ ಮಾಡ್ದೆ ಬಿಡಿ. ಮೋಟಾರ್ ವೈಂಡಿಂಗ್ ಮಾಡೋನು ನಾನು, ತಾಮ್ರ ಬಿಟ್ಟು ಬೇರೆ ಏನು ಬರುತ್ತೆ ನನ್ನ ಬಾಯಲ್ಲಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ತಾನೇ ನೀವು ಅಂದ್ಕೊಳ್ತಿರೋದು? ಅನ್ಕೊಳ್ಳಿ, ಅನ್ಕೊಳ್ಳಿ. ಹಾಕಿ ನಿಮ್ಮ ಔಷಧಿ. ಎಷ್ಟು ಹನಿ? ಐದು ನಿಮಿಷ ಕಾಯಬೇಕಾ? ಕಾಯೋಣ. ನನಗೇನು.

ಐದು ನಿಮಿಷ ಅಂದ್ರೆ ಎಷ್ಟು ಉದ್ದ ಅಲ್ವಾ... ಅರ್ಧ ಗಂಟೆ ಹೇಗೆ ಹೋಗುತ್ತೆ ಗೊತ್ತಾ ಸಾರ್? ಹಾಳಾದ್ದು ಚಿಟಿಕೆ ಹೊಡೆದ ಹಾಗೆ ಹೋಗುತ್ತೆ. ಬಂದ್ಲು, ತೊಳೆದ್ಲು, ತಿನ್ನಿಸಿದ್ಲು, ನೀರು ಹಾಕಿದ್ಲು, ಎದ್ಲು. ಬೆನ್ನು ಮಾತ್ರ ಕಾಣೋದು ನನಗೆ. ಎರಡು ತಿಂಗಳ ಹಿಂದೆ ಒಂದಿನ ಇದರ ಪಂಪು ಕೆಟ್ಟುಹೋಯ್ತು. ನಿಜವಾಗ್ಲೂ ಕೆಟ್ಟದ್ದು ಅದು, ಕಾಯಿಲ್ ಸುಟ್ಟಿತ್ತು. ನೀರು ಆಡ್ದೆ ಇದು ಮುದುಡಿಕೊಂಡು ಹೀಗೇ ಕೂತಿತ್ತು. ಅವಳು ಬಂದೋಳು ಗಾಬರಿ ಬಿದ್ಲು. 'ರೀ, ಬನ್ನಿ ಇಲ್ಲಿ, ಹಿಡ್ಕೊಳ್ರೀ' ಅಂದ್ಲು. ರೀ ಅಂದ್ಲು! ಎಷ್ಟು ದಿನ ಆಗಿತ್ತು ಆ ಶಬ್ದ ಕೇಳಿ. ನಾನು ಬಕೆಟ್ ಹಿಡ್ಕೊಂಡೆ, ಅವಳು ನೀರು ಬದಲಾಯಿಸಿದ್ಲು, ಹೊಸ ಪಂಪು ಸಿಕ್ಕಿಸಿದ್ವಿ. ಇಬ್ಬರೂ ಒದ್ದೆ. ಇದೇ ನೆಲದ ಮೇಲೆ ಕೂತ್ಕೊಂಡು ಮೊಟ್ಟೆ ಬೇಯಿಸಿ ತಿಂದ್ವಿ, ಪಂಪು ಸದ್ದು ಕೇಳ್ತಾ. ಉಪ್ಪು ಜಾಸ್ತಿ ಹಾಕಿದೀರಿ ಅಂದ್ಲು. ಹೋಗುವಾಗ ಹತ್ತು ಗಂಟೆ. ನಾಲ್ಕು ಗಂಟೆ ಹೊತ್ತು ಇದ್ಲು ಸಾರ್! ನಾಲ್ಕು ಗಂಟೆ!

ಮಾರನೇ ದಿನ ಇದು ಅರಳ್ಕೊಂಡು ನಿಂತಿತ್ತು. ಅವಳು ಆರೂವರೆಗೆ ಎದ್ಲು.

ಮರುದಿನವೂ ಆರೂವರೆ. ಅದರ ಮರುದಿನವೂ. ದರಿದ್ರದ್ದು ಗಟ್ಟಿಮುಟ್ಟಾಗಿ, ಏನೂ ಆಗಿಲ್ಲ ಅನ್ನೋ ಹಾಗೆ... ಆಮೇಲೆ... ಆಮೇಲೆ ಐದು ವಾರದಿಂದ ತಾನಾಗೇ ಹುಷಾರು ತಪ್ತು. ಪಾಪ. ತಾನಾಗೇ.

ನೀಲಿ ಆಯ್ತಾ? ಅದು ನೀಲಿನಾ? ಈ ಟ್ಯೂಬ್ ಲೈಟಲ್ಲಿ ಎಲ್ಲ ನೀಲೀನೇ ಕಾಣುತ್ತೆ. ಕಿಟಕಿ ಹತ್ರ ತಗೊಂಡು ಹೋಗಿ... ಹ್ಞೂಂ. ನೀಲಿ.

ನನ್ನ ಶರ್ಟಿನ ಜೇಬಿಂದ ಬಿದ್ದಿರಬಹುದು ಸಾರ್. ತಂತಿ ಚೂರು. ನನ್ನ ಜೇಬು, ಪ್ಯಾಂಟಿನ ಮಡಿಕೆ, ತಲೆದಿಂಬಲ್ಲೂ ತಂತಿ ಚೂರು ಸಿಗುತ್ತೆ, ಇದೇನು ಹೊಸದಲ್ಲ. ಬಗ್ಗಿದಾಗ ಬಿದ್ದಿರುತ್ತೆ. ನೋಡದೆ ಆದದ್ದಕ್ಕೆ ಯಾರು ಏನು ಮಾಡೋಕಾಗುತ್ತೆ? ಅವಳಿಗೂ ಹಾಗೇ ಹೇಳಿ. ನೀವು ಹೇಳಿದ್ರೆ ನಂಬ್ತಾಳೆ. ನನ್ನ ಮಾತು ಬೇಡ, ನೀವು ಹೇಳಿ. ಇಲ್ಲ, ತಾಮ್ರ ಅನ್ನೋದೇ ಬೇಡ, ಪೇಂಟ್ ಅನ್ನಿ. ಪೇಂಟ್ ಗಾಳಿ ಅಂದ್ಬಿಡಿ. ನಿಮ್ಮ ಕೈ ಮುಗೀತೀನಿ.

ನೀವು ನನಗಿಂತ ಚಿಕ್ಕೋರು, ಆದ್ರೂ ಅಣ್ಣಾ ಅಂತೀನಿ. ಅಣ್ಣಾ, ಒಂದು ಮಾತು ಆಡಿ. ಹಾಗೆ ನನ್ನ ಕೈ ನೋಡ್ಬೇಡಿ.

...

ಒಂದೇ ಎಳೆ. ಸರಿನಾ? ಮೊದಲ್ನೇ ದಿನ ಬೆರಳುದ್ದ, ಅಷ್ಟೇ. ಮಧ್ಯಾಹ್ನ ಊಟಕ್ಕೆ ಬಂದಾಗ ಹಾಕ್ದೆ. ಈ ಪ್ರಾಣಿಗೆ ತಾಮ್ರ ಆಗಲ್ಲ ಅಂತ ಅವಳೇ ಹೇಳಿದ್ಲು, ಅದಕ್ಕೇ ತಾನೇ ಸೋಪಿನ ಕಾನೂನು ಇದ್ದದ್ದು. ಮೀನಿಗೆ ಏನೂ ಆಗಲ್ಲ, ಹೂವಿಗೆ ಮಾತ್ರ. ಸ್ವಲ್ಪ ಮುದುಡ್ಲಿ ಅಂತ... ಸಾಯ್ಲಿ ಅಂತ ಅಲ್ಲ! ದೇವರಾಣೆ ಅಲ್ಲ! ಮಕ್ಕಳು ಹೊಟ್ಟೆನೋವು ಅಂತ ಸುಳ್ಳು ಹೇಳಲ್ವಾ, ಅಷ್ಟು. ಅವಳು ಬಂದು ನೋಡಿ ಬ್ಯಾಗ್ ಕೆಳಗಿಟ್ಲು. ಎಂಟು ಗಂಟೆವರೆಗೂ ಇದ್ಲು. ಅವಳು ಹೋದ್ಮೇಲೆ ತೆಗೆದುಬಿಟ್ಟೆ, ನಂಬಿ, ಆವತ್ತು ತೆಗ್ದೆ. ಮುಂದಿನ ವಾರ ಗೇಣುದ್ದ. ಆಮೇಲೆ... ಹೋದ ಭಾನುವಾರ ಅವಳು ಆ ಸೋಫಾ ಮೇಲೆ ಹಾಗೇ ನಿದ್ದೆ ಹೋಗಿಬಿಟ್ಲು, ಕೈಯಲ್ಲಿ ಚಿಮಟ ಹಿಡ್ಕೊಂಡು. ಚಿಮಟ ಬಿಡಿಸಿ ಹೊದಿಕೆ ಹೊದಿಸಿದೆ. ಪಕ್ಕದಲ್ಲಿ ಕೂತಿದ್ದೆ. ಈ ಪಾಪದ್ದು ಅಲ್ಲಿ ಒದ್ದಾಡ್ತಿತ್ತು, ನಾನು ಇಲ್ಲಿ ಸುಖವಾಗಿದ್ದೆ. ನಾಲ್ಕು ತಿಂಗಳಲ್ಲಿ ಅಷ್ಟು ಸುಖ ನಾನು ಕಂಡಿರ್ಲಿಲ್ಲ.

ಬೈರಿ. ಬೈದುಬಿಡಿ ನನ್ನ, ಹಗುರ ಆಗುತ್ತೆ.

ಜೇಬಿಂದ ಬಿದ್ದಿದ್ರೆ ಏನೂ ಆಗ್ತಿರ್ಲಿಲ್ಲ ಗೊತ್ತಾ? ವೈಂಡಿಂಗ್ ತಂತಿ ಮೇಲೆ ವಾರ್ನಿಶ್ ಇರುತ್ತೆ, ಕಣ್ಣಿಗೆ ಕಾಣಲ್ಲ, ಅದು ಇರೋವರೆಗೂ ತಾಮ್ರ ನೀರಿಗೆ ಬಿಡಲ್ಲ. ಕೆರೀಬೇಕು. ಬ್ಲೇಡಲ್ಲಿ ಕೂತ್ಕೊಂಡು ಕೆರೀಬೇಕು. ಬೆಸುಗೆ ಹಾಕೋಕೆ ತುದಿ ಮಾತ್ರ ಕೆರೆಯೋದು ನಮ್ಮಲ್ಲಿ, ಒಂದು ಉಗುರಿನಷ್ಟು. ಅವಳು ಅದಕ್ಕಿಂತ ಒಂದು ಕೂದಲು ಜಾಸ್ತಿ ಕೆರೀತಿರ್ಲಿಲ್ಲ. ನಾನು ಮೊಳದುದ್ದ ಕೆರೆದೆ. ಈ ತುದಿಯಿಂದ ಆ ತುದಿವರೆಗೂ. ಅವಳಿದ್ದ ಸ್ಟೂಲಿನ ಮೇಲೇ ಕೂತ್ಕೊಂಡು.

ನಿನ್ನೆ ತೆಗೆಯೋಣ ಅಂತ ಕೈ ಹಾಕಿದೆ. ಕಲ್ಲಿನ ಸಂದೀಲಿ ಸಿಕ್ಕಿಸಿದ್ದೆ, ಇರ್ಲಿಲ್ಲ. ಇಡೀ ಕಲ್ಲು ಎತ್ತಿ ಹುಡುಕಿದೆ, ಮರಳು ಜಾಲಿಸಿದೆ. ಇಲ್ಲ. ಪೂರ್ತಿ ಕರಗಿಹೋಯ್ತೇನೋ ಅಂದ್ಕೊಂಡೆ. ನೀರು ಬದಲಾಯಿಸಿದ್ರೆ ಹೋಗುತ್ತೆ ತಾನೇ? ನಿಮ್ಮ ಉಪ್ಪು ಕಲಸಿ ಮೂರು ಸಲ ಬದಲಾಯಿಸಿದೀನಿ ಬೆಳಗ್ಗೆಯಿಂದ. ತಲೆ ಅಲ್ಲಾಡಿಸ್ತಿದೀರಿ... ಹೋಗಲ್ವಾ? ಕಲ್ಲು ಕುಡಿದುಬಿಟ್ಟಿದೆಯಾ? ಮತ್ತೆ ಬಿಡ್ತಾನೇ ಇರುತ್ತಾ? ಉಪ್ಪಿನ ಹಾಗೇನಾ. ಅಲ್ಲೇ ಇರುತ್ತಾ.

ಉಪ್ಪು ತಿಂದೋನು ನೀರು ಕುಡೀಬೇಕು, ಕುಡೀತೀನಿ. ಕುಡೀತೀನಿ ಅಣ್ಣಾ! ಅವಳು ಬರ್ಲಿ, ನಾನೇ ಹೇಳ್ತೀನಿ. ಕಾಲು ಹಿಡಿದು ಹೇಳ್ತೀನಿ. ಕೇಳ್ತೀನಿ ಈ ಸಲ, ತೀರ್ಮಾನ ಮಾಡಲ್ಲ, ಏನು ಮಾಡೋಣ ಅಂತ ಕೇಳ್ತೀನಿ. ಅಲ್ಲಿವರೆಗೂ ಇದಕ್ಕೆ ಜೀವ ಒಂದು ಇರಬೇಕು, ಅಷ್ಟೇ ನಾನು ಕೇಳೋದು. ಸತ್ತುಹೋದ್ರೆ ಅವಳು ಯಾಕೆ ಬರ್ತಾಳೆ? ಯಾವ ಕೆಲಸಕ್ಕೆ ಬರ್ತಾಳೆ ಈ ಮನೆಗೆ?

ಎಲ್ಲಿ... ಬಲೆ ಯಾಕೆ ತಗೊಂಡ್ರಿ? ಮೀನು ಯಾಕೆ ಹಿಡೀತಿದೀರಿ? ಮೀನು ಚೆನ್ನಾಗೇ ಇವೆ! ಅವು ಹೂವಿನ ಹತ್ರಾನೇ ಇರಬೇಕು, ನೋಡಿ, ಇಷ್ಟಾದ್ರೂ ಅದನ್ನ ಬಿಟ್ಟು ದೂರ ಹೋಗ್ತಿಲ್ಲ... ಬಿಡಿ. ಬಿಡಿ ಅಂದೆ! ಅದು ಅವಳ ಮೀನು. ಅವಳನ್ನ ಕೇಳ್ದೆ ನೀವು ಹೇಗೆ...

ಓ.

ಬಕೆಟ್ಟಿಗೆ ಮುಚ್ಚಳ ಅದಕ್ಕಾ.

ನನ್ನ ಫೋನಿಗೆ ಬಂದದ್ದಲ್ಲ ನೀವು. ನಾನು ಅಂಗಡೀಲಿ ಇರ್ತೀನಿ ಅಂತ ಹೇಳಿ ಕಳಿಸಿದಾಳೆ. ನಾನಿಲ್ಲದಾಗ ಬಂದು ಮೀನು ತಗೊಂಡು ಹೋಗೋಕೆ. ಅದಕ್ಕೇ ನನ್ನ ನೋಡಿ ಬಾಗಿಲಲ್ಲೇ ನಿಂತ್ರಿ. ಹ್ಞಾಂ? ತಲೆ ಎತ್ತಿ. ಆವಾಗಿಂದ ಗಿಣಿಗೆ ಹೇಳಿದ ಹಾಗೆ ಹೇಳ್ತಾನೇ ಇದೀನಿ, ಅವಳು ಬರ್ತಾಳೆ, ಆರಕ್ಕೆ ಬರ್ತಾಳೆ ಅಂತ. ನೀವು ಒಂದ್ಸಲ ಕೂಡ ಹ್ಞೂಂ ಅನ್ಲಿಲ್ಲ. ಉಹ್ಞೂಂ ಅಂತಾದ್ರೂ ಅನ್ನಬಹುದಿತ್ತು.

ಏನದು ಜೇಬಲ್ಲಿ? ಮೇಜಿನ ಮೇಲೆ ಯಾಕೆ ಇಡ್ತೀರಿ, ಕೈಗೇ ಕೊಡಿ.

ಕೀ... ಇದು ಈ ಮನೆ ಕೀ.

ಹಾಗಾದ್ರೆ ಬಾಗಿಲು ನಾನು ಹಾಕೇ ಇದ್ದೆ. ನೀವು ಬೀಗ ತೆಗ್ದು ಬಂದ್ರಿ.

ಇದನ್ನ ಯಾವುದರಲ್ಲಿ ಕಟ್ಟಿದಾಳೆ ನೋಡಿ. ಹಸಿರು ಹಿಡಿದಿದೆ. ಈ ತುದಿಯಿಂದ ಆ ತುದಿವರೆಗೂ ಕೆರೆದ ತಂತಿ... ಕರಗಿರ್ಲಿಲ್ಲ. ಮೊನ್ನೆ ಅವಳ ಕೈಗೆ ಸಿಕ್ಕಿತ್ತು. ನಾನು ಟೀ ಸೋಸ್ತಾ ಇದ್ದೆ. ಬೇರೆ ಯಾರಿಗೆ ಸಿಕ್ಕಿದ್ರೂ ತಂತಿ ಚೂರು ಅಂತ ಬಿಸಾಕ್ತಿದ್ರು. ಅವಳು ಬೆರಳಲ್ಲಿ ಸವರಿದ ತಕ್ಷಣ ಓದಿಬಿಟ್ಟಿರ್ತಾಳೆ, ಕಾಗದ ಓದಿದ ಹಾಗೆ. ಗಂಟು ಅವಳದೇ. ಎರಡು ಸುತ್ತು, ಒಳಗಿಂದ ಎಳೆದದ್ದು. ಇದು ಬಿಚ್ಚಲ್ಲ ಅಣ್ಣಾ. ಸುಟ್ರೂ ಬಿಚ್ಚಲ್ಲ.

ಏನಾದ್ರೂ ಹೇಳಿ ಕಳಿಸಿದಾಳಾ? ಒಂದು ಮಾತು? ಬೈಗುಳ ಆದ್ರೂ ಪರವಾಗಿಲ್ಲ... ಇಲ್ವಾ.

ಆಯ್ತು. ಮೀನು ತಗೊಂಡು ಹೋಗಿ. ಮುಚ್ಚಳ ಸರಿಯಾಗಿ ಹಾಕಿ, ಹಾರುತ್ತವೆ. ಅವಳಿಗೆ ಒಂದು ಹೇಳ್ತೀರಾ? ಕ್ಷಮಿಸು ಅಂತ ಅಲ್ಲ, ಅದನ್ನ ಹೇಳೋಕೆ ನೀವು ಯಾಕೆ. ಗೆರೆವರೆಗೂ ನೀರು ತುಂಬಿದ್ದೆ ಅಂತ ಹೇಳಿ. ಸಿಹಿನೀರೇ ಹಾಕಿದ್ದೆ ಅಂತ ಹೇಳಿ.

ಗಂಟೆ ಎಷ್ಟು? ಆರಕ್ಕೆ ಐದು ನಿಮಿಷ ಇದೆಯಾ... ಸ್ವಲ್ಪ ಇರಿ. ಐದೇ ನಿಮಿಷ. ಕೀ ಈಗ ಇಲ್ಲಿದೆ ಅಲ್ವಾ? ಹಾಗಾದ್ರೆ ಬಂದ್ರೆ ಬೆಲ್ ಹೊಡೀಲೇಬೇಕು. ಪಂಪು ಆರಿಸ್ತೀನಿ, ಅದರ ಸದ್ದು ಜಾಸ್ತಿ. ಬಕೆಟ್ ಅಲ್ಲಾಡಿಸ್ಬೇಡಿ. ಇಷ್ಟು ಹೊತ್ತೂ ಮಾತಾಡಿ ಮಾತಾಡಿ ಅಂತ ನಿಮ್ಮ ಪ್ರಾಣ ತಿಂದೆ... ಈಗ ಬೇಡ. ಈಗ ಮಾತಾಡ್ಬೇಡಿ. ಬೆಲ್ ಆದ್ರೆ ನನಗೆ ಕೇಳಿಸಬೇಕು.